ಎಡಗಡೆ ಮಡ್‌ಗಾರ್ಡಿನ ತಗ್ಗು

"ಇದು ಯಾರ ಕೆಲಸ್ರೀ?"

ಕಣ್ಣು ಮುಚ್ಚಿ ಹಳೇ ಅಂಬಾಸಿಡರಿನ ಮೈಮೇಲೆ ಅಂಗೈ ಆಡಿಸುತ್ತಿದ್ದ ಪೇಂಟರ್ ಶಂಭುಲಿಂಗನ ಕೈ ಎಡಗಡೆ ಮಡ್‌ಗಾರ್ಡಿನ ತಗ್ಗಿಗೆ ಬಂದು ನಿಂತುಬಿಟ್ಟಿತು.

"ನಂದೇ," ಎಂದು ತನುಜಾ ತಗ್ಗನ್ನು ಮೆಲ್ಲಗೆ ಸವರಿದಳು. ಯಾಕೋ ನಾಚಿಕೆಯಾಯಿತು.

ಅಪ್ಪ ಕೆರಿಯಪ್ಪ ಇದೇ ಕಾರಿನಲ್ಲಿ ಸಿದ್ದಾಪುರ-ಶಿರಸಿ ಬಾಡಿಗೆ ಹೊಡೆದವನು. ಮಗಳಿಗೆ ಡ್ರೈವಿಂಗ್ ಕಲಿಸಿದ್ದೂ ಇದರಲ್ಲೇ. ಕಲಿಯುವಾಗ ಅವಳು ಕೋಲಸಿರ್ಸಿಯ ಮನೆಯ ಚಿರೆಕಲ್ಲಿನ ಗೋಡೆಗೆ ಗುದ್ದಿದ್ದಳು. ಅಪ್ಪ ಬೈಯಲಿಲ್ಲ. "ಇರ್ಲಿ ಬಿಡೇ, ನಿನ್ನ ಸಹಿ ಅದು," ಎಂದು ನಕ್ಕು, ಬದುಕಿರುವವರೆಗೂ ಅದನ್ನು ತೆಗೆಸಲಿಲ್ಲ.

ಈಗ ಅಪ್ಪ ಇಲ್ಲ. ಅವನ ಕಾರು ಅದೇ ಕೆನೆ ಬಣ್ಣದಲ್ಲಿ ಮತ್ತೆ ರಸ್ತೆಗಿಳಿಯಬೇಕೆಂದು ಮಗಳ ಆಸೆ. 'ಆ ತಗ್ಗೊಂದು ಹಾಗೇ ಇರಲಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಗ್ಗು ಉಳಿಸು ಎಂದು ಪೇಂಟರಿಗೆ ಯಾರಾದರೂ ಹೇಳುತ್ತಾರೆಯೇ? ನಕ್ಕುಬಿಟ್ಟರೆ...? ನುಂಗಿಕೊಂಡಳು.

ಅನುಮಾನ ತನುಜಾಳ ಕಸುಬು ಎಂದರೂ ತಪ್ಪಿಲ್ಲ. ಸಿದ್ದಾಪುರದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು ಅವಳು. ಬ್ರೇಕ್ ಒತ್ತಿದ್ದೇನೆ ಅನ್ನುವವರ ಕಾಲು ಆಕ್ಸಿಲರೇಟರಿನ ಮೇಲಿರುವುದನ್ನು ದಿನವೂ ನೋಡಿ, ಬಾಯಿಗಿಂತ ಕಾಲನ್ನೇ ನಂಬುವುದು ರೂಢಿಯಾಗಿಬಿಟ್ಟಿತ್ತು.

ಮುಂದಿನ ವಾರ ಶಿರಸಿಯ ಗ್ಯಾರೇಜಿಗೆ ಹೋದಾಗ ಬಾಗಿಲು, ಬಾನೆಟ್, ಡಿಕ್ಕಿ ಎಲ್ಲ ಬಿಚ್ಚಿ ಸಾಲಾಗಿ ಒರಗಿಸಿದ್ದರು. ಎಡಗಡೆ ಮಡ್‌ಗಾರ್ಡ್ ಮಾತ್ರ ಇರಲಿಲ್ಲ.

ಎಲ್ಲಿ ಎಂದು ಕೇಳಿದಳು. ಶಂಭುಲಿಂಗ ತನ್ನ ಚಪ್ಪಲಿ ನೋಡುತ್ತ, "ಐತ್ರೀ... ಬ್ಯಾರೆ ಕಡೆ ಐತಿ," ಎಂದ. ತಗಡು ಬಡಿಯುವ ಸುಭಾಷ್ ಸುತ್ತಿಗೆ ಹಿಡಿದುಕೊಂಡೇ ಮುಸಿಮುಸಿ ನಕ್ಕ.

ಗುಜರಿಗೆ ಹಾಕಿದರೇ? ಬೇರೆ ಯಾರ ಕಾರಿಗೋ ಕೂರಿಸಿದರೇ? ಬಸ್ಸಿನಲ್ಲಿ ಕುಳಿತವಳಿಗೆ ಶಂಭುಲಿಂಗನಿಗಿಂತ ತನ್ನ ಮೇಲೇ ಸಿಟ್ಟು ಬಂತು. ಗ್ಯಾರೇಜಿಗೆ ಹೋಗಲು ಒಳ್ಳೆಯ ಚೂಡಿದಾರ್ ಹುಡುಕಿ ತೊಟ್ಟವಳು ತಾನೇ ಅಲ್ಲವೇ! ಬನವಾಸಿ ಕಡೆಯ ಆ ಮೆತ್ತನೆಯ ಮಾತು, ಕೇಳದಿದ್ದರೂ ತಂದಿಡುವ ಚಹಾ... ಎಲ್ಲ ನಾಟಕವಿರಬೇಕು.

ಮತ್ತೊಮ್ಮೆ ಹೇಳದೆ ಕೇಳದೆ ಹೋದಳು.

ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಅಪ್ಪನ ಕಾರಿನ ಬಾಗಿಲು, ಬಾನೆಟ್ಟುಗಳ ಮೇಲೆಲ್ಲ ಕರಿ ಬಣ್ಣ! ಶಂಭುಲಿಂಗ ಬೆನ್ನು ಹಾಕಿ ಫೋನಿನಲ್ಲಿದ್ದ.

"ಕರೇದು ಹೊಡದೇನಿ, ನಾಳೆ ಹೋಗ್ತೈತಿ... ಇಲ್ಲ, ಆಕೀಗೆ ಇನ್ನೂ ಹೇಳಿಲ್ಲ."

ಮದುವೆ ಮೆರವಣಿಗೆಗೆ ಹಳೇ ಕರಿ ಅಂಬಾಸಿಡರ್ ಹುಡುಕುತ್ತ ಹುಬ್ಬಳ್ಳಿಯವರು ಬರುವುದನ್ನು ಅವಳು ಕೇಳಿದ್ದಳು. ಹಾಗಾದರೆ ನಾಳೆ ಹೋಗುವುದು... ಅಪ್ಪನ ಕಾರು!

"ಯಾರಿಗೆ ಮಾರಿದ್ರಿ?" ಎಂದು ಅವನೆದುರು ಹೋಗಿ ನಿಂತಳು.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೂ ಜಗಳಕ್ಕೆ ಬರಲಿಲ್ಲ. ನೀರಲ್ಲಿ ನೆನೆಸಿದ ಉಜ್ಜುವ ಕಾಗದವನ್ನು ಅವಳ ಕೈಗಿಟ್ಟು ಬಾನೆಟ್ ತೋರಿಸಿದ.

"ಉಜ್ಜಿ ನೋಡ್ರಿ."

ಸಿಟ್ಟಿನಲ್ಲೇ ಉಜ್ಜಿದಳು. ಕರಿ ಬಣ್ಣ ನೀರಿನೊಂದಿಗೆ ಹರಿದುಹೋಗಿ ಅಡಿಯಲ್ಲಿ ಬಳಿದಿದ್ದ ಬೂದು ಪ್ರೈಮರ್ ಕಂಡಿತು. ನಡುವೆ ಒಂದು ಕಡೆ ಮಾತ್ರ ಸಣ್ಣ ಕರಿ ಮಚ್ಚೆ ಉಳಿಯಿತು.

"ಎಲ್ಲಿ ಕರೇದು ಉಳೀತೈತೋ ಅಲ್ಲಿ ತಗ್ಗು ಐತಿ ಅಂತ ಲೆಕ್ಕ. ಕಣ್ಣಿಗೆ ಕಾಣೂದಿಲ್ಲ, ಅದಕ್ಕ ಹೊಡಿಯೂದು. ಉಜ್ಜಿದ್ರ ಹೋಗ್ತೈತಿ. ನಾಳೆ ಹೋಗೂದು ಇದು, ಕಾರಲ್ರಿ."

ತನುಜಾಳ ಬೆರಳುಗಳೆಲ್ಲ ಕಪ್ಪಾಗಿದ್ದವು. ಆದರೂ ಅನುಮಾನ ಅಷ್ಟು ಸುಲಭಕ್ಕೆ ಸಾಯಲಿಲ್ಲ.

"ಮತ್ತೆ ಮಡ್‌ಗಾರ್ಡ್? ಫೋನಲ್ಲಿ ನಂಗೆ ಇನ್ನೂ ಹೇಳಿಲ್ಲ ಅಂದಿದ್ದು ಎಂತದ್ದು?"

ಅವನು ಅವಳನ್ನು ಗ್ಯಾರೇಜಿನ ಹಿಂದಿದ್ದ ತನ್ನ ಬಾಡಿಗೆ ಮನೆಗೆ ಕರೆದೊಯ್ದ. ಬಾಗಿಲು ತೆಗೆದ ಅವನ ತಾಯಿ ಅನ್ನಪೂರ್ಣವ್ವ ಅವಳನ್ನು ಮೊದಲೇ ಬಲ್ಲವರಂತೆ ನಕ್ಕರು.

ಮಂಚದ ಮೇಲೆ ಹಳೇ ಕೌದಿ ಹಾಸಿ ಮಡ್‌ಗಾರ್ಡ್ ಮಲಗಿಸಿದ್ದರು. ತುಕ್ಕು ತಿಂದಿದ್ದ ಕೆಳಗಿನ ಅಂಚು ಕತ್ತರಿಸಿ ಹೊಸ ತಗಡು ಬೆಸೆದಾಗಿತ್ತು. ಕೆನೆ ಬಣ್ಣ ಹೊಳೆಯುತ್ತಿತ್ತು. ಆ ಹೊಳಪಿನ ನಡುವೆ ಅವಳ ತಗ್ಗು ಇದ್ದ ಹಾಗೇ ಇತ್ತು.

ತನುಜಾ ಅದರ ಮೇಲೆ ಕೈಯಿಟ್ಟಳು. ಅಪ್ಪನ ನಗು ಕೇಳಿದಂತಾಯಿತು. ಕಣ್ಣೀರನ್ನು ತಡೆಯುವ ಗೋಜಿಗೆ ಹೋಗಲಿಲ್ಲ.

"ಸುಭಾಷಗ ತಗ್ಗು ಕಂಡ್ರ ಸುತ್ತಿಗಿ ನಿಲ್ಲಂಗಿಲ್ಲ. ಅದಕ್ಕ ಇಲ್ಲಿ ತಂದಿಟ್ಟೆ," ಎಂದ ಶಂಭುಲಿಂಗ. "ಮೊದಲನೇ ದಿನ ನೀವು ಅದನ್ನ ಸವರಿದ್ದು ನೋಡಿದ್ದೆ. ಉಳಿಸ್ಲೇನು ಅಂತ ಕೇಳಬೇಕಂದೆ. ನಗ್ತೀರೇನೋ ಅಂತ ಸುಮ್ಮನಾದೆ."

ಅವನೂ ಅದೇ ಭಯದಲ್ಲಿದ್ದ! ಇಬ್ಬರೂ ಒಂದೇ ಮಾತನ್ನು ನುಂಗಿಕೊಂಡಿದ್ದರು.

"ಬ್ಯಾಡ ಅಂದ್ರ ಪುಟ್ಟಿ ತುಂಬಿ ತಗ್ಗು ಮುಚ್ಚತೇನ್ರಿ," ಎಂದ.

ಅನ್ನಪೂರ್ಣವ್ವ ಒಳಗಿನಿಂದಲೇ, "ತಗ್ಗಿಂದು ಸಾಕು. ಊಟಕ್ಕ ಕರಿಯಾಕ ಫೋನ್ ಮಾಡಿದಾಗ ನಾ ಕೇಳಿದ್ದು ಹೇಳೋ," ಎಂದರು.

ತನುಜಾ ರೂಢಿಯಂತೆ ಅವನ ಕಾಲು ನೋಡಿದಳು. ಒಂದು ಕಾಲು ಆಗಲೇ ಹೊಸ್ತಿಲಾಚೆ ಇತ್ತು. ಓಡಿಹೋಗಲು ತಯಾರಿದ್ದ ಪುಣ್ಯಾತ್ಮ!

"ಕಾಲು ಒಳಗೆ ಇಟ್ಟು ಹೇಳಿ."

ಅವನು ಒಳಗೆ ಬಂದ. "ಅವ್ವ ಕೇಳಿದ್ದು... ಆಕಿ ನಿನ್ನ ಮನಸ್ಸಿನಾಗ ಅದಾಳಂತ ಆಕೀಗೆ ಹೇಳಿದೇನು ಅಂತ."

ತನುಜಾ ಕಪ್ಪಾದ ಬೆರಳಿನಲ್ಲೇ ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಮಸಿ ಮೆತ್ತಿತು.

"ಪುಟ್ಟಿ ಬೇಡ," ಎಂದಳು.

"ನೋಡಿದವರು ಪೇಂಟರಿಗೆ ಕೆಲಸಾನ ಬರಂಗಿಲ್ಲ ಅಂತಾರ್ರೀ."

"ಅನ್ಲಿ. ನಾನು ಓಡಿಸ್ತೀನಿ. ಪಕ್ಕದ ಸೀಟಲ್ಲಿ ಕೂತು ನೀವೇ ಹೇಳಿ, ಎಂತಕ್ಕೆ ಉಳಿಸಿದ್ದು ಅಂತ."

"ದಿನಾ ಹೇಳಬೇಕಾಗ್ತೈತಲ್ರೀ..."

"ಹೇಳಿ. ಆ 'ರೀ' ಒಂದು ಬಿಟ್ಟು."

ಅವನು ತಡವರಿಸಿದ. ಅವಳ ಕೆನ್ನೆಯ ಮಸಿಯತ್ತ ಕೈ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ.

"ಆತು... ತನುಜಾ."