ಸೀಟಿನ ಹಿಂದಿನ ಕಲ್ಲು

ಕಪಾಟು ಇಳಿಯಿತು, ಹಾಸಿಗೆ ಇಳಿಯಿತು, ಸಕ್ಕರೆ ಡಬ್ಬಿಯ ಮುಚ್ಚಳ ಕೂಡ ಇಳಿಯಿತು. ತೊಟ್ಟಿಲು ಮಾತ್ರ ಇಳಿಯಲಿಲ್ಲ!

ಸೂರತ್‌ನಿಂದ ಯಡ್ರಾಮಿಗೆ ಮನೆ ಸಾಮಾನು ಹೊತ್ತು ತಂದ ಲಾರಿ. ಹಿಂಬಾಗಿಲ ಕೀಲಿ ಒಡೆದಿರಲಿಲ್ಲ. ಕೀಲಿಕೈ ಇದ್ದದ್ದು ಡ್ರೈವರ್ ದಶರಥನ ಕೊರಳಲ್ಲಿ. ಓಣಿಗೆ ಇನ್ನೇನು ಬೇಕು? ಪೊಲೀಸರು ಬರುವ ಮೊದಲೇ ಅವನು ಕಳ್ಳನಾಗಿಬಿಟ್ಟಿದ್ದ.

ಎ.ಎಸ್.ಐ. ಭಾಗ್ಯಜ್ಯೋತಿ ಬಂದಾಗ ಅವನು ಲಾರಿಯ ಮೆಟ್ಟಿಲ ಮೇಲೆ ಕುಳಿತಿದ್ದ. ನಿದ್ದೆಗೆಟ್ಟ ಕಣ್ಣು, ಕಪಾಟು ಹೊತ್ತು ನೆಟ್ಟಗಾಗದ ಬೆನ್ನು. ಲಾರಿಯ ಮಾಲಕ ಫೋನಿನಲ್ಲಿ ಹೇಳಿಯಾಗಿತ್ತು: ಸಂಜೆಯೊಳಗೆ ತೊಟ್ಟಿಲು ಸಿಗದಿದ್ದರೆ ಗಾಡಿಯಿಂದ ಇಳಿ. ಮಂದಿಯ ಸಂಸಾರ ಹೊರುವ ಕೆಲಸವಿದು. ಒಮ್ಮೆ ಕಳ್ಳನೆನಿಸಿಕೊಂಡವನ ಕೈಗೆ ಮತ್ತೆ ಯಾರು ಗಾಡಿ ಕೊಡುತ್ತಾರೆ?

"ಸೀಸಂ ಕಟ್ಟಿಗಿ ತೊಟ್ಟಿಲರಿ ಮೇಡಂ! ಹಾದ್ಯಾಗ ಮಾರ್ಯಾನ ಇಂವ!" ದೂರು ಕೊಟ್ಟ ಅರುಣಕುಮಾರ ಹಾರಾಡುತ್ತಿದ್ದ.

"ಲಾರ್ಯಾಗ ಜೋಡಿ ಯಾರು ಬಂದ್ರು?"

"ನಮ್ಮ ಮಾಮಾರಿ. ನಾನೂ ಅಕ್ಕಾನೂ ರೈಲಿಗೆ ಮೊದಲ ಬಂದ್ವಿ."

ಮಾಮ, ಅಂದರೆ ಅಕ್ಕ ಶೈಲಶ್ರೀಯ ಗಂಡ ಚಂದ್ರಶಾ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. "ನನಗ ನಿದ್ದಿ ಹತ್ತಿತ್ರಿ. ಏನೂ ನೋಡಿಲ್ಲ," ಎಂದ. ನೆಲ ನೋಡುತ್ತಲೇ ಎಂದ.

ಶೈಲಶ್ರೀ ಗಂಟುಮೂಟೆಗಳ ನಡುವೆ ಕುಳಿತಿದ್ದಳು. "ಬ್ಯಾರೆ ಏನರ ಹೋಗಿದ್ರ ಹಾಳಾಗಿ ಹೋಗ್ಲಿ ಅಂತಿದ್ದೆರಿ. ನನ್ನ ಕೂಸಿಂದು ಅದೊಂದ ಉಳದಿತ್ತು."

"ಅರಿವಿ, ಆಟಗಿ ಸಾಮಾನು?"

"ನೋಡಿದ್ರ ನನಗ ತ್ರಾಸ ಆಗ್ತದಂತ ಮನ್ಯಾಗಿನವರು ಎಲ್ಲಾ ಮಂದಿಗಿ ಕೊಟ್ಟುಬಿಟ್ರು. ನಾನ ಕೈಯಾರೆ ಹೊಲಿದ ಕೆಂಪು ಕುಲಾಯಿ ಕೂಸಿನ ತಲಿಮ್ಯಾಲಿತ್ತು. ಹಂಗ ಮಣ್ಣಿಗೆ ಹೋತು. ಹೆಂಗಸ್ರನ್ನ ಅಲ್ಲಿಗೆ ಬಿಡಂಗಿಲ್ಲಲ್ರಿ... ಬಾಗಲದಾಗ ನಿಂತು ನೋಡಿದ್ದ ಕಡೀದು."

ಭಾಗ್ಯಜ್ಯೋತಿ ಆಳಂದದ ಹೆಣ್ಣುಮಗಳು. ಮಾತು ಕಡಕು, ಕರುಳು ಮೆತ್ತಗೆ. ಶೈಲಶ್ರೀಯ ಪಕ್ಕ ಕುಳಿತು ಬೆನ್ನು ಸವರಿದಳು. ಎದ್ದು ದಶರಥನ ಬಳಿಗೆ ಬಂದಳು.

"ತೊಟ್ಟಿಲ ಹೇರಿದ್ದು ಖರೇನಾ?"

"ಖರೇನರಿ. ಎಲ್ಲಾ ಹೇರಿದ ಮ್ಯಾಲ, ಬಾಗಲ ಹತ್ರ."

"ಖಾಲಿ ತೊಟ್ಟಿಲಾ?"

"ಛೇ ಛೇ! ಗಾಡಿ ಅಲುಗಾಡಿದ್ರ ಅದೂ ತೂಗತದಲ್ರಿ? ಗುಂಡಕಲ್ಲ ಮಲಗಿಸಿದ್ದೆ—" ದಶರಥ ತಟ್ಟನೆ ಬಾಯಿ ಮುಚ್ಚಿಕೊಂಡ.

ಖಾಲಿ ತೊಟ್ಟಿಲು ತೂಗಬಾರದು. ಹೆಸರಿಡುವ ದಿನವೂ ಕೂಸಿಗಿಂತ ಮೊದಲು ಒಳಕಲ್ಲಿನ ಗುಂಡಕಲ್ಲನ್ನೇ ಮಲಗಿಸಿ ತೂಗುವ ಸೀಮೆಯಿದು. ಅತನೂರಿನ ದಶರಥ ಆ ಪದ್ಧತಿಯನ್ನು ಲಾರಿಯಲ್ಲೂ ಬಿಟ್ಟವನಲ್ಲ.

"ಆಮ್ಯಾಲೇನಾತು?"

"ಗೊತ್ತಿಲ್ರಿ."

"ಯಾರನ್ನ ಉಳಸಾಕತ್ತೀಯೋ?"

ದಶರಥ ಕೊರಳಲ್ಲಿದ್ದ ಕೀಲಿಕೈ ಹಿಡಿದು ತಿರುಗಿಸತೊಡಗಿದ.

ಭಾಗ್ಯಜ್ಯೋತಿ ಅಡುಗೆಮನೆಗೆ ಹೋಗಿ ನೋಡಿದಳು. ಒಳಕಲ್ಲು ಇಳಿದಿತ್ತು, ಅದರ ಗುಂಡು ಇರಲಿಲ್ಲ. ಹೊರಬಂದು ಲಾರಿಯ ಕ್ಯಾಬಿನ್ ಹತ್ತಿದಳು. ಸೀಟಿನ ಹಿಂದೆ ಗಾಲಿ ಬಿಚ್ಚುವ ಪಾನಾ, ನೀರಿನ ಬಾಟಲಿ, ಟಾವೆಲ್ ಸುತ್ತಿದ ಒಂದು ಕಲ್ಲು.

"ಅದು ಗಾಲಿಗೆ ಅಡ್ಡ ಕೊಡೋ ಕಲ್ಲರಿ. ನಾ ಆಗಳೇ ನೋಡೇನಿ," ಎಂದ ಅರುಣಕುಮಾರ.

ಅವಳು ಟಾವೆಲ್ ಸರಿಸಿ ನೋಡಿದಳು. ಮತ್ತೆ ಮುಚ್ಚಿ, ಎದೆಗವಚಿಕೊಂಡು ಒಳಗೆ ತಂದಳು. ಎಲ್ಲರನ್ನೂ ಕರೆದಳು.

"ಅರುಣಕುಮಾರ, ಗಾಲಿಗೆ ಕೊಡೋ ಕಲ್ಲಿಗೆ ಯಾರರ ಟಾವೆಲ್ ಸುತ್ತತಾರೇನು? ತೊಟ್ಟಿಲ ಮಾರೋ ಕಳ್ಳ ಕಲ್ಲನ್ನ ಅಲ್ಲೇ ಹಾದ್ಯಾಗ ಒಗೀತಿದ್ದ. ಇದನ್ನ ಒಬ್ಬರು ಜೋಪಾನ ಮಾಡ್ಯಾರ. ನೋಡ್ರಿ."

ಟಾವೆಲ್ ಬಿಚ್ಚಿದಳು. ಗುಂಡಕಲ್ಲಿನ ತಲೆಗೆ ಪುಟ್ಟ ಕೆಂಪು ಕುಲಾಯಿ.

"ಯವ್ವಾ! ಇದು ಮಣ್ಣಿಗೆ ಹೋಗಿತ್ತಲ್ರೀ!" ಶೈಲಶ್ರೀ ಚೀರಿದಳು.

"ಇಲ್ಲವ್ವಾ, ಹೋಗಿಲ್ಲ. ಕೂಸನ್ನ ಮಣ್ಣಿಗಿಟ್ಟವರು ಇದನ್ನ ತಕ್ಕೊಂಡು ಇಟಗೊಂಡಾರ. ಚಂದ್ರಶಾ ಅವರ, ತೊಟ್ಟಿಲ ಎಲ್ಲಿ?"

ಚಂದ್ರಶಾ ಮುಂದೆ ಬಂದು ಕುಲಾಯಿ ಮುಟ್ಟಿದ.

"ಭೀಮಾದಾಗ ಬಿಟ್ಟೆರಿ. ಅಫಜಲಪುರ ದಾಟಿದ ಮ್ಯಾಲ, ಹೊಳಿ ಹತ್ರ ಗಾಡಿ ನಿಲ್ಲಿಸಿ ಕೀಲಿ ತಗಿ ಅಂದೆ. ಸೂರತ್ತಿನಾಗ ಇಕಿ ದಿನಾ ಸಂಜೀಕ ಖಾಲಿ ತೊಟ್ಟಿಲ ತೂಗ್ತಿದ್ಲು. ಇಲ್ಲೂ ಅದನ್ನ ನೋಡೂದು ನನ್ನ ಕೈಲೆ ಆಗ್ತಿರಲಿಲ್ಲ. ಕಲ್ಲ ನೀರಿಗೆ ಹಾಕಾಕ ಕೈ ಬರಲಿಲ್ಲ. ಕುಲಾಯಿ ತೊಡಿಸಿ ತೊಡಿಮ್ಯಾಲ ಇಟಗೊಂಡು ಬಂದೆ. ಇಕಿ ಮುಂದ ತರಾಕ ಧೈರ್ಯ ಆಗಲಿಲ್ಲ." ದಶರಥನ ಕಡೆ ತಿರುಗಿದ. "ನಿನ್ನ ಕಳ್ಳ ಅಂದ್ರು, ನಾ ಸುಮ್ಮ ನಿಂತೆ. ನನ್ನ ನಾಲಿಗಿ ಬಿದ್ದು ಹೋಗ್ಲೆಪ್ಪಾ!"

"ನೀನರ ಬಾಯಿ ಬಿಡಬಾರದೇನೋ ಮಾರಾಯಾ?" ಭಾಗ್ಯಜ್ಯೋತಿ ದಶರಥನನ್ನು ಗದರಿದಳು. "ಹೊಟ್ಟಿಮ್ಯಾಲ ಹೊಡತ ಬೀಳ್ತಿತ್ತಲ್ಲ!"

"ಯಾರ ಮುಂದೂ ಹೇಳಂಗಿಲ್ಲಂತ ಇವರಿಗೆ ಭಾಷಾ ಕೊಟ್ಟಿದ್ದೆರಿ. ನನ್ನ ಮಗಳಿಗಿ ಹೆಸರಿಡೂ ದಿನ ನಾ ನಾಗಪುರದ ಹಾದ್ಯಾಗಿದ್ದೆ. ಮಂದಿ ತೊಟ್ಟಿಲ ಹೊತ್ತೇನಿ, ನನ್ನ ಕೂಸಿನ ತೊಟ್ಟಿಲ ಒಮ್ಮಿನೂ ತೂಗಿಲ್ಲ. ಇವರು ಕಲ್ಲಿನ ತಲಿ ಸವರಕೋತ ಹಾದೀತುಂಬ ಅತ್ರು. ನನಗೂ ತಡೀಲಿಲ್ಲ. ಹೆಂಗ ಹೇಳಲಿರಿ?"

ಭಾಗ್ಯಜ್ಯೋತಿ ತಾನೇ ಮಾಲಕನಿಗೆ ಫೋನ್ ಹಚ್ಚಿದಳು. "ನಿಮ್ಮ ಡ್ರೈವರ್ ಕಳ್ಳ ಅಲ್ರಿ. ಗಾಡಿ ಅವನ ಕೈಯಾಗ ಇರಲಿ." ಅರುಣಕುಮಾರ ತಲೆ ತಗ್ಗಿಸಿ ದಶರಥನಿಗೆ ನೀರು ತಂದುಕೊಟ್ಟ.

ಶೈಲಶ್ರೀಗೆ ಫೋನಿನ ಮಾತು ಕೇಳಿಸಿರಲಿಲ್ಲ. ಕಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಲಾಯಿಯ ಕಸೆ ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿ ತಲೆ ಎತ್ತಿದಳು.

"ಕೂಸು ಹೋದಾಗ ನಿಮ್ಮ ಕಣ್ಣಾಗ ಒಂದು ಹನಿ ಬರಲಿಲ್ಲ. ಇವರಿಗೆ ಏನೂ ಅನಿಸೇ ಇಲ್ಲ ಅಂತ ನಾ ಒಬ್ಬಾಕೇ ಅತ್ತೆ. ಡ್ರೈವರ್ ಮುಂದ ಹಾದೀತುಂಬ ಅತ್ತೀರಿ. ನನ್ನ ಮುಂದ ಯಾಕ ಅಳಲಿಲ್ರೀ?"

ಚಂದ್ರಶಾ ಬಾಯಿ ತೆರೆದ. ಮಾತು ಬರಲಿಲ್ಲ, ಅಳು ಬಂತು. ಅವಳು ಗಂಟೊಂದನ್ನು ಪಕ್ಕಕ್ಕೆ ಸರಿಸಿ ಅವನಿಗೆ ಕೂಡಲು ಜಾಗ ಮಾಡಿದಳು.