ಒಂದು ಕೀಬೋರ್ಡಿಗೆ ಇಬ್ಬರು

ಮೀನು ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿತು.

"ನೀನೇ ಜೋರಾಗಿ ಕುಟ್ಟಿದ್ದು," ಎಂದಳು ಗುಬ್ಬಿ.

"ನಾನಾ? ನೀನು ಕುಟ್ಟೋದು ಪಕ್ಕದ ರೂಮಿಗೂ ಕೇಳುತ್ತೆ," ಎಂದಳು ಮಿಂಚು.

ಪರದೆಯ ಮೇಲಿಂದ ಅಕ್ಷರಗಳು ಉದುರುತ್ತವೆ. ಯಾವ ಅಕ್ಷರದ ಕೀ ಒತ್ತುತ್ತೇವೋ ಅದರ ಕಡೆಗೆ ಮೀನು ಓಡಿ ಅದನ್ನು ನುಂಗಬೇಕು. ಟೈಪಿಂಗ್ ಕಲಿಯುವ ಆಟ ಅದು. ಈಗ ಮೀನೂ ಅಲ್ಲಾಡುತ್ತಿಲ್ಲ, ಅಕ್ಷರಗಳೂ ಅಲ್ಲಾಡುತ್ತಿಲ್ಲ. ಈ ವಾರ ಹೀಗಾಗಿದ್ದು ಇದೇ ಮೊದಲೇನಲ್ಲ.

ಮಿಂಚು ಎಂಬ ಹೆಸರು ಕೇಳಿ ಮೋಸಹೋಗಬೇಡಿ. ಬೆಳಿಗ್ಗೆ ಒಂದು ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಏನೋ ಯೋಚಿಸುತ್ತಾ ಕೂರುವ ಹುಡುಗಿ ಅವಳು. ಅಣ್ಣ ರೇಗಿಸಲು ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಗುಬ್ಬಿ ಮಾತ್ರ ಹೆಸರಿಗೆ ತಕ್ಕವಳು, ಒಂದು ಕಡೆ ನಿಲ್ಲುವವಳಲ್ಲ. ದೂರು ಹೇಳುವುದರಲ್ಲೂ ಅವಳೇ ಮೊದಲು.

ಹೀಗಾಗಿ ಕಂಪ್ಯೂಟರ್ ಮಿಸ್ ಬಂದಾಗ ಸಿಕ್ಕಿಬಿದ್ದವಳು ಮಿಂಚು. ಇನ್ನು ಮೇಲೆ ನೀನು ಹಿಂದೆ ಕೂರು, ಕೀಬೋರ್ಡ್ ಮುಟ್ಟಬೇಡ ಎಂದುಬಿಟ್ಟರು. ಮಿಸ್‌ ಕೋಪಕ್ಕೂ ಕಾರಣವಿತ್ತು. ಲ್ಯಾಬಿನಲ್ಲಿದ್ದವೆಲ್ಲ ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರುಗಳು. ಒಂದು ಕೆಟ್ಟರೆ ಇನ್ನೊಂದು ಬರುವುದಿಲ್ಲ. ಮಕ್ಕಳು ಹೆಚ್ಚಾದ್ದರಿಂದ ಒಂದೊಂದಕ್ಕೆ ಇಬ್ಬಿಬ್ಬರು ಕೂರುತ್ತಿದ್ದರು. ಕೀಬೋರ್ಡಿನ ಎಡಭಾಗ ಮಿಂಚುವಿನದು, ಬಲಭಾಗ ಗುಬ್ಬಿಯದು ಎಂದು ಇವರೇ ಹಂಚಿಕೊಂಡಿದ್ದರು.

ಮುಂದಿನ ಪೀರಿಯಡ್‌ಗಳಲ್ಲಿ ಗುಬ್ಬಿ ಒಬ್ಬಳೇ ಆಡಿದಳು. ಮೀನು ಒಂದು ಸಲವೂ ನಿಲ್ಲಲಿಲ್ಲ. ನೋಡಿದ್ರಾ, ಎಲ್ಲ ಮಿಂಚುವಿನದೇ ತಪ್ಪು ಎಂದು ಕ್ಲಾಸಿಗೆ ಕ್ಲಾಸೇ ತೀರ್ಮಾನಿಸಿತು. ಮಿಂಚುವಿಗೆ ಅಳು ಬಂತು. ತನ್ನ ಕೈಯಲ್ಲೇ ಏನೋ ದೋಷವಿದೆಯೇನೋ ಎಂದು ಅವಳಿಗೂ ಅನುಮಾನ ಶುರುವಾಯಿತು.

ಆದರೆ ಮುಟ್ಟಬೇಡ ಎಂದವರು ನೋಡಬೇಡ ಎಂದಿರಲಿಲ್ಲ. ಅವಳು ಎಲ್ಲರ ಪರದೆಗಳನ್ನೂ ನೋಡುತ್ತಾ ಕೂತಳು. ಒಂದು ದಿನ ಮುಂದಿನ ಸಾಲಿನ ಇಬ್ಬರು ಹುಡುಗರ ಮೀನೂ ನಿಂತಿತು. ಎರಡು ಅಕ್ಷರ ಒಟ್ಟಿಗೇ ಬಿದ್ದಿದ್ದವು, ಇಬ್ಬರೂ ಒಟ್ಟಿಗೇ ಒತ್ತಿದ್ದರು. ಪಾಪ, ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ತಿಳಿಯದೆ ಮೀನು ನಡುವೆ ಸಿಕ್ಕಿಕೊಂಡಿತ್ತು.

ಮಿಂಚು ಮಿಸ್‌ಗೆ ಹೇಳಿದಳು. ಮಿಸ್ ನಂಬಲಿಲ್ಲ. ಹಾಗಿದ್ದರೆ ನಾವಿಬ್ಬರೇ ಒತ್ತಿ ನೋಡೋಣ ಎಂದಳು. ಮೊದಲ ಸಲ ಮಿಸ್‌ ಬೆರಳು ತಡವಾಯಿತು, ಮೀನು ಆರಾಮಾಗಿ ಓಡಿತು. ಎರಡನೇ ಸಲ ಮಿಂಚು ಒಂದು, ಎರಡು, ಮೂರು ಎಂದು ಎಣಿಸಿದಳು. ಮೀನು ಗಪ್ಪೆಂದು ನಿಂತಿತು.

ಮಿಸ್ ಅವಳ ಕುರ್ಚಿಯನ್ನು ತಾವೇ ಮುಂದಕ್ಕೆ ಎಳೆದರು. "ನಿನ್ನನ್ನ ಸುಮ್‌ಸುಮ್ನೆ ಹಿಂದೆ ಕೂರಿಸಿಬಿಟ್ಟೆ. ಇದನ್ನ ಆಟ ಮಾಡಿದವರಿಗೇ ಹೇಳೋಣ."

"ಬೈತಾರಾ ಮಿಸ್?"

ಬೈಯುವುದಿಲ್ಲ, ಥ್ಯಾಂಕ್ಸ್ ಹೇಳುತ್ತಾರೆ ಎಂದರು ಮಿಸ್. ಇದು ಓಪನ್ ಸೋರ್ಸ್ ಆಟ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಒಳಗೆ ಹೇಗಿದೆ ಎಂದು ನೋಡಬಹುದು, ಸರಿಮಾಡಲು ಕೈಜೋಡಿಸಬಹುದು. ಮೊದಲ ದಿನವೇ ಮಿಸ್ ಇದನ್ನು ಹೇಳಿದ್ದರು. ದಿನಾ ಹಲ್ಲುಜ್ಜಿ ಎನ್ನುವಂಥ ಮಾತು ಅದು ಎಂದುಕೊಂಡು ಮಿಂಚು ಕಿವಿಗೇ ಹಾಕಿಕೊಂಡಿರಲಿಲ್ಲ.

ಅವಳು ಹೇಳಿದ್ದನ್ನು ಮಿಸ್ ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ಆಟ ಮಾಡಿದ ದೂರದ ದೇಶದ ಅಂಕಲ್ ಬೇಗನೆ ಉತ್ತರಿಸಿದರು. ಹಗಲು ಬೇರೆ ಕೆಲಸ, ಬಿಡುವಿನಲ್ಲಿ ಈ ಆಟ ಅವರಿಗೆ. ತುಂಬ ಥ್ಯಾಂಕ್ಸ್, ಆದರೆ ಒಂದು ಕೀಬೋರ್ಡನ್ನು ಇಬ್ಬರು ಯಾಕೆ ಒತ್ತುತ್ತೀರಿ ಎಂದು ಕೇಳಿದ್ದರು.

ಮಿಂಚುವಿನ ಮುಖ ಸಣ್ಣದಾಯಿತು. ನಮ್ಮಲ್ಲಿ ಕಂಪ್ಯೂಟರ್ ಸಾಲುವುದಿಲ್ಲ ಎಂದು ಗುರುತಿಲ್ಲದವರ ಮುಂದೆ ಹೇಳಿಕೊಳ್ಳುವುದೇ? ತಮಾಷೆಗೆ ಒತ್ತಿದೆವು ಎಂದು ಬರೆದರೆ ಸಾಕಲ್ಲ ಎನಿಸಿತು. ಸಂಜೆ ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು, ಚೂರುಬಟ್ಟೆಗಳನ್ನು ಮಡಚುತ್ತಾ ಇದನ್ನೇ ಕೇಳಿದಳು.

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಅಳತೆ ಕೊಡೋವಾಗ ಕೆಲವರು ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ಕೋತಾರೆ ಕಣೇ. ಆಮೇಲೆ ಬಟ್ಟೆ ಬಿಗಿ ಅಂತ ನನ್ನ ಹತ್ರಾನೇ ಜಗಳಕ್ಕೆ ಬರ್ತಾರೆ. ನಾನೇನು ಮಾಡ್ಲಿ?"

ಮಿಂಚುವಿಗೆ ನಗು ಬಂತು. ಮಾರನೇ ದಿನ ಮಿಸ್ ಹತ್ತಿರ ಎಲ್ಲವನ್ನೂ ಬರೆಸಿದಳು. ಎಷ್ಟು ಜನ, ಹೇಗೆ ಕೂರುತ್ತೇವೆ, ಎಡ ಯಾರದು, ಬಲ ಯಾರದು, ಯಾವುದನ್ನೂ ಬಿಡಲಿಲ್ಲ.

ಅಂಕಲ್ ಅದಕ್ಕೆ ಹೀಗೆ ಬರೆದರು: "ಒಂದು ಕಂಪ್ಯೂಟರಿಗೆ ಒಂದೇ ಮಗು ಅಂದುಕೊಂಡು ನಾನು ಇಷ್ಟು ವರ್ಷ ಆಟ ಮಾಡಿದೆ. ಇಬ್ಬರಿಗೆ ಹೇಗಿರಬೇಕು ಅಂತ ನೀವೇ ಹೇಳಿಕೊಡಿ."

ಮಿಸ್ ಇದನ್ನು ಕನ್ನಡದಲ್ಲಿ ಓದಿ ಹೇಳುವಾಗ ಗುಬ್ಬಿ ಹಿಂದೆ ನಿಂತು ಕೇಳಿಸಿಕೊಂಡಳು. ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. "ನಿಂದೇ ತಪ್ಪು ಅಂದ್ಬಿಟ್ಟೆ ನಾನು. ಸಾರಿ ಕಣೇ," ಎಂದಳು. ಇಬ್ಬರೂ ಸೇರಿ ಯೋಚಿಸಿದರು. ಎಡಕ್ಕೊಂದು ಮೀನು, ಬಲಕ್ಕೊಂದು ಮೀನು. ಒಂದು ತುಂಬ ಮುಂದೆ ಹೋದರೆ ಇನ್ನೊಂದು ಬರುವ ತನಕ ಕಾಯಬೇಕು. ಆ ಕಾಯುವ ಐಡಿಯಾ ಯಾರದೆಂದು ಹೇಳಬೇಕಾಗಿಲ್ಲ. ಮೀನುಗಳ ಚಿತ್ರವನ್ನೂ ಅವರೇ ಬಿಡಿಸಿ ಕಳಿಸಿದರು.

ಹೊಸ ಆಟ ಬಂದ ದಿನ ಲ್ಯಾಬಿನಲ್ಲಿ ಗಲಾಟೆಯೋ ಗಲಾಟೆ. ಪರದೆಗಳಲ್ಲೆಲ್ಲ ಅವರು ಬಿಡಿಸಿದ ಮೀನುಗಳೇ ಜೋಡಿಯಾಗಿ ಓಡುತ್ತಿದ್ದವು. ಆಟ ಮಾಡಿದವರ ಹೆಸರುಗಳ ಕೊನೆಯಲ್ಲಿ ಇವರಿಬ್ಬರ ಹೆಸರೂ ಇತ್ತು. ಮಿಸ್ ಎಲ್ಲರನ್ನೂ ಕರೆದು ಕರೆದು ಅದನ್ನು ತೋರಿಸಿದರು.

ಕೆಲವು ದಿನಗಳ ಮೇಲೆ ಅಂಕಲ್ ಇನ್ನೊಂದು ಪತ್ರ ಕಳಿಸಿದರು. ಬೇರೊಂದು ದೇಶದ ಒಂದು ಶಾಲೆಯ ಹುಡುಗ ಬರೆದದ್ದು. ಅದನ್ನು ಇವರು ನೋಡುವುದೇ ಒಳ್ಳೆಯದು ಎಂದಿದ್ದರು. ಮಿಸ್ ಓದಿ ಹೇಳಿದರು. ಎರಡು ಮೀನಿನ ಆಟ ತುಂಬ ಚೆನ್ನಾಗಿದೆ. ಮೂರು ಮೀನು ಇರಬಹುದಾ? ಪತ್ರ ಅಷ್ಟೇ.

"ಮೂರು ಯಾಕಂತೆ? ಅತಿಯಾಸೆ," ಎಂದು ಗುಬ್ಬಿ ನಕ್ಕಳು.

ಮಿಂಚು ನಗಲಿಲ್ಲ. ಯಾಕೆ ಎಂದು ಆ ಹುಡುಗ ಬರೆದಿರಲಿಲ್ಲ. ಯಾಕೆ ಬರೆದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

"ಅವನನ್ನ ಯಾಕೆ ಅಂತ ಕೇಳ್ಬೇಡಿ ಮಿಸ್," ಎಂದಳು. "ನಾವಿಲ್ಲಿ ಇಬ್ಬಿಬ್ಬರು ಕೂರ್ತೀವಿ ಅಂತ ಮೊದಲು ಬರೀರಿ."

ಮಿಸ್ ಬರೆಯತೊಡಗಿದರು. ಮಿಂಚು ಮುಂದಿನ ಸಾಲಿನಿಂದ ಒಬ್ಬ ಹುಡುಗನನ್ನು ಕರೆದು, ತನಗೂ ಗುಬ್ಬಿಗೂ ನಡುವೆ ಕೂರಲು ಜಾಗ ಮಾಡಿದಳು.