ಬೇರಿಗೆ ಅಂಟಿದ ಜೀವ

ಲ್ಯಾಬಿನ ಬಾಗಿಲು ತಟ್ಟದೆ ಒಳಗೆ ಬಂದವನು ಕೈಯಲ್ಲಿದ್ದ ಟ್ರೇಯನ್ನು ಅವಳ ಮೇಜಿನ ಮೇಲೆ ಇಟ್ಟ. ಅದರ ತುಂಬ ಟೊಮೆಟೊ ಸಸಿಗಳು. ಒಂದೂ ನಿಂತಿರಲಿಲ್ಲ. ಬುಡದಲ್ಲಿ ಕಪ್ಪಾಗಿ, ಬಾಗಿ, ಮಲಗಿಬಿಟ್ಟಿದ್ದವು.

ಬೆಳಗ್ಗೆಯಷ್ಟೇ ಅವಳು ಒರೆಸಿದ್ದ ಬಿಳಿ ಮೇಜಿನ ಮೇಲೆಲ್ಲ ಮಣ್ಣು ಚೆಲ್ಲಿತು.

"ನಿಮ್ಮ ಪುಡಿ ಹಾಕಿದ್ದೆ" ಎಂದ. "ನೂರಾ ಎಂಬತ್ತು ಟ್ರೇ. ಎಲ್ಲಾ ಹೀಗೇ ಆಗಿವೆ."

ಅವಳಿಗೆ ಮೈಯೆಲ್ಲ ಉರಿಯಿತು. ಆ ಪುಡಿ ಎಂದರೆ ಅವಳ ಆರು ವರ್ಷದ ದುಡಿಮೆ. ಬೇರಿನ ಸುತ್ತಲ ಮಣ್ಣಿನಲ್ಲಿ ಬದುಕುವ ಒಂದು ಒಳ್ಳೆಯ ಬ್ಯಾಕ್ಟೀರಿಯಾವನ್ನು ಹುಡುಕಿ, ಬೆಳೆಸಿ, ಪುಡಿಯಲ್ಲಿ ಬೆರೆಸಿದ್ದಳು. ಅದು ಎಳೆಯ ಬೇರಿಗೆ ಅಂಟಿಕೊಂಡು ಬೆಳೆದು ರೋಗಕ್ಕೆ ಜಾಗವನ್ನೇ ಬಿಡುವುದಿಲ್ಲ. ರೋಗ ಬರುವ ಮೊದಲೇ ಗಿಡವನ್ನು ಎಚ್ಚರಿಸಿ ಸಜ್ಜು ಮಾಡಿಡುತ್ತದೆ. ಬುಡ ಕೊಳೆಯುವ ರೋಗದ ನಡುವೆಯೂ ಸಸಿಗಳು ನೆಟ್ಟಗೆ ನಿಂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಬೇರೆ ಔಷಧಿ ಏನಾದರೂ ಬೆರೆಸಿದ್ದಿರಾ ಎಂದು ಕೇಳಿದಳು. ಇಲ್ಲವೆಂದ. ಪುಡಿಯನ್ನು ಬಿಸಿಲಿನಲ್ಲಿ ಇಟ್ಟಿದ್ದಿರಾ? ಇಲ್ಲ. ಪೊಟ್ಟಣದ ಮೇಲಿದ್ದದ್ದನ್ನು ಓದಿದ್ದಿರಾ?

"ನನಗೂ ಓದೋಕೆ ಬರುತ್ತೆ ಮೇಡಂ."

ಒಡೆಯದ ಒಂದು ಪೊಟ್ಟಣವನ್ನು ಟ್ರೇಯ ಪಕ್ಕ ಇಟ್ಟು, ಹಿಂದಿರುಗಿ ನೋಡದೆ ಹೊರಟುಹೋದ.

ಎಷ್ಟು ಸೊಕ್ಕು ಈ ಮನುಷ್ಯನಿಗೆ... ಸಸಿ ಬೆಳೆಸಿ ಮಾರುವ ನರ್ಸರಿಯವನಿಗೆ ಇಷ್ಟು ಬಿಗುವೇ! ತಪ್ಪು ಅವನದೇ ಎಂದು ತೋರಿಸಿಯೇ ತೀರುತ್ತೇನೆ.

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಬೇರಮ್ಮ ಎನ್ನುತ್ತಿದ್ದರು. ಊಟದ ಹೊತ್ತಿನಲ್ಲೂ ಬೇರುಗಳನ್ನೇ ನೋಡುತ್ತ ಕೂರುವವಳೆಂದು ತಮಾಷೆ. ಅಂದು ಬೇರಮ್ಮ ಊಟಕ್ಕೇ ಹೋಗಲಿಲ್ಲ. ಅವನು ಕೊಟ್ಟ ಪೊಟ್ಟಣದ ಪುಡಿಯನ್ನು ನೀರಿನಲ್ಲಿ ಕದಡಿ, ಗಾಜಿನ ಪ್ಲೇಟಿನಲ್ಲಿ ಹರಡಿ, ಬೆಳೆಯಲು ಇಟ್ಟಳು.

ಎರಡು ದಿನ ಕಳೆಯಿತು. ಆ ಬ್ಯಾಕ್ಟೀರಿಯಾ ಬೆಳೆದು ಹಳದಿ ಹಸಿರು ಚುಕ್ಕೆಗಳು ಮೂಡಬೇಕಾಗಿದ್ದ ಪ್ಲೇಟಿನಲ್ಲಿ ಏನೂ ಇರಲಿಲ್ಲ.

ಉಗ್ರಾಣದಿಂದ ಅದೇ ತಿಂಗಳ ಇನ್ನೂ ಮೂವತ್ತು ಪೊಟ್ಟಣ ತಂದು ನೋಡಿದಳು. ಎಲ್ಲದರಲ್ಲೂ ಅಷ್ಟೇ. ಪುಡಿಯೊಳಗಿನ ಜೀವ ಸತ್ತುಹೋಗಿತ್ತು.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ತನ್ನ ಫ್ರಿಜ್ಜಿನಲ್ಲಿ ಕಾಪಾಡಿಟ್ಟಿದ್ದ ಹಳೆಯ ಪುಡಿಯ ಡಬ್ಬಿ ಹಿಡಿದು ಅವನ ನರ್ಸರಿಗೆ ಹೋದಳು. ತಪ್ಪು ನಿಮ್ಮದಲ್ಲ ಅನಿಸುತ್ತಿದೆ, ಖಚಿತವಾದ ಮೇಲೆ ಪೂರ್ತಿ ಹೇಳುತ್ತೇನೆ ಎಂದಳು. ಅವನು ಮೂವತ್ತು ಹೊಸ ಟ್ರೇಗಳನ್ನು ಅವಳ ಮುಂದಿಟ್ಟ. ಆ ಪುಡಿ ಅಷ್ಟಕ್ಕೇ ಸಾಕಾಯಿತು.

ಅಲ್ಲಿಂದ ದಿನ ಬಿಟ್ಟು ದಿನ ಹೋಗತೊಡಗಿದಳು. ಅವನು ಸಸಿಯನ್ನು ಚಮಚದ ಹಿಡಿಯಿಂದ ಮೆಲ್ಲಗೆ ಮೀಟಿ, ಒಂದು ಎಳೆ ಬೇರೂ ಹರಿಯದಂತೆ ಎತ್ತುತ್ತಿದ್ದ. ಈ ಬ್ಯಾಕ್ಟೀರಿಯಾಕ್ಕೆ ಊಟ ಯಾರು ಕೊಡುತ್ತಾರೆ ಎಂದು ಒಮ್ಮೆ ಕೇಳಿದ. ಬೇರು ತಾನೇ ಒಂದಿಷ್ಟು ಸಿಹಿ ಸುರಿಸಿ ಸಾಕುತ್ತದೆ ಎಂದು ಅವಳು ವಿವರಿಸಿದಾಗ ಕೈಯಲ್ಲಿದ್ದ ಸಸಿಯ ಬೇರನ್ನು ಬೆಳಕಿಗೆ ಹಿಡಿದು ನೋಡಿದ.

ಗೇಟಿನ ಬಳಿ ಲೆಕ್ಕ ನೋಡಿಕೊಳ್ಳುವ ಅವನ ಅಕ್ಕ, ನನ್ನ ತಮ್ಮ ಗಿಡಗಳ ಹತ್ತಿರ ಬಿಟ್ಟರೆ ಬೇರೆ ಯಾರ ಹತ್ತಿರವೂ ಇಷ್ಟು ಮಾತಾಡುವವನಲ್ಲ ಎಂದು ನಕ್ಕಳು. ಬೇರಮ್ಮನ ಕೆನ್ನೆ ಕೆಂಪಾಯಿತು. 'ಕೆಲಸಕ್ಕೆ ಬಂದಿದ್ದೇನೆ, ಅಷ್ಟೇ' ಎಂದು ತನಗೆ ತಾನೇ ಹೇಳಿಕೊಂಡಳು.

ಅಷ್ಟರಲ್ಲಿ ನಿಜ ಹೊರಬಿತ್ತು. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಅವಳು ರಜೆಯಲ್ಲಿದ್ದ ವಾರ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ಪ್ರದರ್ಶನಕ್ಕೆ ಪೊಟ್ಟಣಗಳು ಬೇಕಾಗಿದ್ದವು. ನೆರಳಿನಲ್ಲಿ ಎಂಟು ದಿನ ಆರಬೇಕಾದ ಪುಡಿಯನ್ನು ಬಿಸಿಗಾಳಿಯ ಯಂತ್ರಕ್ಕೆ ಹಾಕಿಸಿ ಒಂದೇ ಮಧ್ಯಾಹ್ನದಲ್ಲಿ ಒಣಗಿಸಿದ್ದರು. ಉಗ್ರಾಣದವನು ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ.

ಅವಳು ವರದಿ ಬರೆದು ಮುಖ್ಯಸ್ಥರ ಮುಂದಿಟ್ಟಳು. ಅವರು ಶಾಂತವಾಗಿ ಓದಿ, ತಪ್ಪು ಒಪ್ಪಿಕೊಂಡು ಬೆಳೆಗಾರರಿಗೆಲ್ಲ ತಾವೇ ಕಾಗದ ಬರೆಯುವುದಾಗಿ ಹೇಳಿದರು. ಅವಳು ನಂಬಿದಳು.

ನಾಲ್ಕು ದಿನಗಳ ನಂತರ ನರ್ಸರಿಗೆ ಹೋದಾಗ ಗೇಟು ಹಾಕಿತ್ತು. ಅವನು ಒಳಗೇ ನಿಂತಿದ್ದ.

"ನಿಮ್ಮ ಕಾಗದ ಬಂತು" ಎಂದ. "ಓದಿದೆ. ಇನ್ನು ಇಲ್ಲಿಗೆ ಬರೋ ತೊಂದರೆ ತಗೋಬೇಡಿ."

ತಪ್ಪು ಒಪ್ಪಿಕೊಂಡ ಮೇಲೂ ಇಷ್ಟು ಬಿಗುಮಾನವೇ? ಕ್ಷಮೆ ಕೇಳಿದವರ ಮುಖಕ್ಕೆ ಗೇಟು ಹಾಕುವುದೇ? ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು. ಅತ್ತದ್ದಕ್ಕಾಗಿ ತನ್ನ ಮೇಲೂ ಸಿಟ್ಟು ಬಂತು.

ಮರುದಿನ ಅವನ ಅಕ್ಕ ಲ್ಯಾಬಿಗೇ ಬಂದಳು. ತಮ್ಮನಿಗೆ ಹೇಳದೆ ಬಂದಿದ್ದಳು. "ನಿನ್ನನ್ನ ಒಳ್ಳೆಯವಳು ಅಂದುಕೊಂಡಿದ್ದೆ ಕಣಮ್ಮ" ಎನ್ನುತ್ತ ಕಾಗದವನ್ನು ಮುಂದೆ ಹಿಡಿದಳು.

ಬೆಳೆಗಾರನು ಪುಡಿಯನ್ನು ತಪ್ಪಾಗಿ ಬಳಸಿದ್ದೇ ಸಸಿಗಳ ಸಾವಿಗೆ ಕಾರಣ, ಸಂಸ್ಥೆ ಹೊಣೆಯಲ್ಲ ಎಂದಿತ್ತು. ಕೆಳಗೆ ಅವಳದೇ ಸಹಿ. ರಜೆಗೆ ಹೋಗುವಾಗ, ತುರ್ತಿಗೆ ಬೇಕಾಗಬಹುದೆಂದು ಮುಖ್ಯಸ್ಥರು ಖಾಲಿ ಕಾಗದಗಳ ಮೇಲೆ ಹಾಕಿಸಿಕೊಂಡಿದ್ದ ಸಹಿ.

ಅವಳು ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಕ್ಕ ಅವಳನ್ನೇ ನೋಡಿ, ನಾಳೆ ಬೆಳೆಗಾರರ ಸಭೆಯಿದೆ, ನಿಮ್ಮ ಸಾಹೇಬರೂ ಬರುತ್ತಾರೆ ಎಂದಷ್ಟೇ ಹೇಳಿ ಎದ್ದಳು.

ಸಭೆಯ ಹಾಲ್ ತುಂಬಿತ್ತು. ಕೆಲವರು ಗೊಬ್ಬರ, ಔಷಧಿ ಎಲ್ಲ ಒಟ್ಟಿಗೆ ಕಲಸಿ ಒಳ್ಳೆಯ ಪುಡಿಗೆ ಕೆಟ್ಟ ಹೆಸರು ತಂದರೆಂದು ಮುಖ್ಯಸ್ಥರು ವೇದಿಕೆಯ ಮೇಲೆ ವಿವರಿಸುತ್ತಿದ್ದರು. ನರ್ಸರಿಯವನು ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ಅವಳು ನೇರವಾಗಿ ನಡೆದುಬಂದು ಎರಡು ಪ್ಲೇಟುಗಳನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟಳು. ಒಂದರ ತುಂಬ ಚುಕ್ಕೆ, ಇನ್ನೊಂದು ಖಾಲಿ.

"ಚುಕ್ಕೆ ಇರೋದು ನೆರಳಲ್ಲಿ ಒಣಗಿಸಿದ್ದು. ಖಾಲಿ ಇರೋದು ನಿಮಗೆ ಕೊಟ್ಟಿದ್ದು. ಅದರೊಳಗಿನ ಜೀವ ಸತ್ತಿದ್ದು ನಿಮ್ಮ ಹತ್ರ ಅಲ್ಲ, ನಮ್ಮ ಯಂತ್ರದಲ್ಲಿ. ನಿಮ್ಮಲ್ಲಿ ಯಾರದೂ ತಪ್ಪಿಲ್ಲ."

"ಕೂತ್ಕೊಳ್ಳಮ್ಮ, ಆಮೇಲೆ ಮಾತಾಡೋಣ" ಎಂದರು ಮುಖ್ಯಸ್ಥರು.

"ನನ್ನನ್ನ ಅಮ್ಮ ಅನ್ನಬೇಡಿ ಸರ್. ನಾನು ನಂಬಿ ಕೊಟ್ಟ ಸಹಿ ಮೇಲೆ ನೀವು ಸುಳ್ಳು ಬರೆದಿದ್ದೀರಿ."

ಹಾಲಿನಲ್ಲಿ ಎದ್ದ ಗದ್ದಲದಲ್ಲಿ ಮುಖ್ಯಸ್ಥರ ದನಿ ಯಾರಿಗೂ ಕೇಳಿಸಲಿಲ್ಲ.

ವಿಚಾರಣೆ ಎರಡು ತಿಂಗಳು ನಡೆಯಿತು. ಸತ್ತ ಪುಡಿಯನ್ನೆಲ್ಲ ವಾಪಸ್ ತರಿಸಿದರು. ಮುಖ್ಯಸ್ಥರಿಗಾದದ್ದು ವರ್ಗಾವಣೆ ಮಾತ್ರ, ಅದೂ ಅಷ್ಟೇ ದೊಡ್ಡ ಕುರ್ಚಿಗೆ. ಅದನ್ನು ಕೇಳಿದ ದಿನ ಅವಳು ಇಡೀ ಲ್ಯಾಬಿಗೆ ಕೇಳುವಂತೆ ಬೀರುವಿನ ಬಾಗಿಲು ಬಡಿದಳು.

ಅಂದೇ ಸಂಜೆ ನರ್ಸರಿಯವನು ಬಂದ. ಈ ಸಲ ಬಾಗಿಲು ತಟ್ಟಿದ. ಆ ಮೂವತ್ತು ಟ್ರೇಗಳ ಅಕ್ಕಪಕ್ಕದವಕ್ಕೆಲ್ಲ ರೋಗ ಬಂದರೂ ಅವು ಮಾತ್ರ ನಿಂತವು, ಈಗ ಹೊಲಗಳಲ್ಲಿ ಹೂ ಬಿಟ್ಟಿವೆ ಎಂದ. ಅದನ್ನು ಹೇಳಲು ಎರಡು ತಿಂಗಳು ಬೇಕಾಯಿತೇ ಎಂದು ಅವಳು ತಲೆಯೆತ್ತದೆ ಕೇಳಿದಳು.

"ಬರೋಕೆ ಮುಖ ಇರಲಿಲ್ಲ" ಎಂದ. "ಸಸಿ ಸತ್ತಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಆ ಕಾಗದದ ಕೆಳಗೆ ನಿಮ್ಮ ಹೆಸರು ನೋಡಿದಾಗ ಬಂತು. ಬೇರೆ ಯಾರ ಹೆಸರಿದ್ದಿದ್ರೂ ಹರಿದು ಬಿಸಾಕ್ತಿದ್ದೆ."

"ಬಂದು ಒಂದು ಮಾತು ಕೇಳಬಹುದಿತ್ತಲ್ಲ?"

"'ಹೌದು, ನಾನೇ ಬರೆದೆ' ಅಂತ ನೀವು ಅಂದುಬಿಟ್ರೆ... ಅಂತ ಹೆದರಿದೆ. ನೀವು ಅಂದ್ರೆ ನನಗೆ ಅಷ್ಟು ಇಷ್ಟ."

ಅವಳ ಕಣ್ಣು ತುಂಬಿತು. ಆದರೂ ದನಿಯನ್ನು ಬಿಗಿಯಾಗಿಯೇ ಇಟ್ಟುಕೊಂಡಳು.

"ನನಗೆ ಇನ್ನೂ ಸಿಟ್ಟು ಇಳಿದಿಲ್ಲ."

"ಇರಲಿ. ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ." ಆ ಸಂಜೆ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. "ದಿನಾ ಬಂದು ಕೇಳು."

ಅವಳು ತನ್ನನ್ನು ಏಕವಚನದಲ್ಲಿ ಕರೆದಳೆಂದು ಅವನಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

"ಬರ್ತೀನಿ" ಎಂದ. "ನೀನು ಸಾಕು ಅನ್ನೋವರೆಗೂ ಬರ್ತೀನಿ."